ಎಡಗಡೆ ಸೀಟಿನಿಂದ

ಕಾರಿನ ಎಡಗಡೆ ಸೀಟು ನನ್ನದೆಂದು ಮನೆಯಲ್ಲಿ ಯಾರೂ ಹೇಳಿದ್ದಲ್ಲ, ಆದರೂ ಇಪ್ಪತ್ತಾರು ವರ್ಷ ಅದು ನನ್ನದೇ ಆಗಿತ್ತು. ಮಡಿಲಲ್ಲಿ ಒಮ್ಮೆ ದೇವಸ್ಥಾನದ ಹೂವಿನ ತಟ್ಟೆ, ಒಮ್ಮೆ ಅತ್ತೆಯ ಎಕ್ಸ್‌ರೇ ಲಕೋಟೆ, ಮದುವೆ ಮನೆಗೆ ಹೊರಟರೆ ಗಿರಾಕಿಗೆ ದಾರಿಯಲ್ಲಿ ಕೊಡಬೇಕಾದ ರವಿಕೆಯ ಕಟ್ಟು. ಮಂಗಳೂರಿನ ಕೊಡಿಯಾಲ್‌ಬೈಲಿನಿಂದ ಹಂಪನಕಟ್ಟೆಗೆ ಹೋಗುವ ದಾರಿಯಲ್ಲಿ ಎಡಬದಿಯ ಅಂಗಡಿಗಳೆಲ್ಲ ನನಗೆ ಗೊತ್ತು. ಬಲಬದಿಯವು ಬರುವಾಗ ಎಡಕ್ಕೆ ಸಿಗುತ್ತವಾದ್ದರಿಂದ ಅವೂ ಗೊತ್ತು. ಗೊತ್ತಿಲ್ಲದೆ ಉಳಿದದ್ದು ರಸ್ತೆ ಮಾತ್ರ. ನಡುವಿನ ಬಿಳಿ ಗೆರೆ ಕೆಲವು ಕಡೆ ತುಂಡುತುಂಡಾಗಿ, ಕೆಲವು ಕಡೆ ಉದ್ದಕ್ಕೆ ಯಾಕೆ ಇದೆ ಎಂದು ಐವತ್ತೆರಡು ವರ್ಷದ ತನಕ ನಾನು ಯಾರನ್ನೂ ಕೇಳಿರಲಿಲ್ಲ.

ನಮ್ಮ ಯಜಮಾನರಿಗೆ ಗ್ಲಾಕೋಮಾ ಎಂದು ಗೊತ್ತಾಗಿ ಎರಡು ವರ್ಷವಾಯಿತು. ನೋವಿರಲಿಲ್ಲ, ಕಣ್ಣು ಕೆಂಪಾಗಿರಲಿಲ್ಲ. ನೋಟದ ಅಂಚು ಸದ್ದಿಲ್ಲದೆ ಒಳಕ್ಕೆ ಸರಿಯುತ್ತಿತ್ತು. ಮೊದಲು ರಾತ್ರಿ ಕಾರು ಓಡಿಸುವುದನ್ನು ಬಿಟ್ಟರು, ಆಮೇಲೆ ಮಳೆಯಲ್ಲಿ ಓಡಿಸುವುದನ್ನು. ಕಾರು ಹೆಚ್ಚಿನ ದಿನ ಅಂಗಳದ ಹಲಸಿನ ಮರದಡಿಯೇ ನಿಂತಿರುತ್ತಿತ್ತು. ಜುಲೈ ತಿಂಗಳ ಒಂದು ರಾತ್ರಿ ಒಂದೂವರೆ ಗಂಟೆಗೆ ಅವರಿಗೆ ಎದೆ ಹಿಡಿದುಕೊಂಡಿತು. ಆಷಾಢದ ಮಳೆ. ಎದುರು ಮನೆಯ ದೀಪವೂ ಕಾಣುತ್ತಿರಲಿಲ್ಲ. ಆಸ್ಪತ್ರೆ ಒಂದು ಕಿಲೋಮೀಟರಿನ ಒಳಗೇ ಇದೆ. ಪರಿಚಯದ ಆಟೊದವರು ಫೋನ್ ಎತ್ತಲಿಲ್ಲ; 108ಕ್ಕೆ ಕರೆ ಮಾಡಬೇಕೆಂದು ಆ ಗಾಬರಿಯಲ್ಲಿ ನನಗೆ ಹೊಳೆಯಲೇ ಇಲ್ಲ. ಕೊನೆಗೆ ಪಕ್ಕದ ಮನೆಯ ಹುಡುಗ ನಿದ್ದೆಯಿಂದೆದ್ದು ಬಂದು ನಮ್ಮದೇ ಕಾರಿನಲ್ಲಿ ನಮ್ಮನ್ನು ಕರೆದುಕೊಂಡು ಹೋದ. ನೋವು ಹೃದಯದ್ದಲ್ಲವೆಂದು ಬೆಳಿಗ್ಗೆ ಮನೆಗೆ ಕಳಿಸಿದರು. ಆದರೆ ಆ ಹುಡುಗ ಬರುವ ತನಕ ಕಾರು ಕಣ್ಣೆದುರಿಗಿತ್ತು, ಬೀಗದ ಕೈ ನನ್ನ ಮುಷ್ಟಿಯಲ್ಲಿತ್ತು, ನಾನು ಕೊಡೆ ಹಿಡಿದು ಗೇಟಿನ ಹತ್ತಿರ ನಿಂತಿದ್ದೆ.

ಆ ವಾರವೇ ಡ್ರೈವಿಂಗ್ ಕಲಿಯುತ್ತೇನೆಂದು ಹೇಳಿದೆ. ಮಸ್ಕತ್ತಿನಲ್ಲಿರುವ ಮಗ ಫೋನಿನಲ್ಲಿ, "ಅಮ್ಮ, ಈಗ ಆ್ಯಪ್‌ನಲ್ಲಿ ಕಾರು ಬರ್ತದಲ್ಲ" ಎಂದ. ರಾತ್ರಿ ಒಂದೂವರೆಗೆ, ಆ ಮಳೆಗೆ ಬರುತ್ತದೆಯೇ ಎಂದು ಕೇಳಿದ್ದಕ್ಕೆ ಸುಮ್ಮನಾದ.

ನಮ್ಮ ಮಾತನ್ನು ಗಮನಿಸಿ. ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಬರೆಯುತ್ತೇವೆ. ಹೊಲಿಗೆಯನ್ನು ಕಲಿಯುತ್ತೇವೆ. ಲೈಸೆನ್ಸನ್ನು ಮಾತ್ರ ಮಾಡಿಸುತ್ತೇವೆ. "ಮಗನಿಗೆ ಹದಿನೆಂಟಾಯ್ತು, ಲೈಸೆನ್ಸ್ ಮಾಡಿಸಬೇಕು" ಎಂದೇ ಎಲ್ಲರೂ ಹೇಳುವುದು. ರೇಶನ್ ಕಾರ್ಡನ್ನೂ ಮಾಡಿಸುತ್ತೇವೆ, ಪಾನ್ ಕಾರ್ಡನ್ನೂ ಮಾಡಿಸುತ್ತೇವೆ. ಅವಕ್ಕೆ ಆ ಕ್ರಿಯಾಪದ ಸರಿ, ಅಲ್ಲಿ ನಮಗೆ ಗೊತ್ತಿರಬೇಕಾದ ವಿದ್ಯೆ ಏನೂ ಇಲ್ಲ. ಲೈಸೆನ್ಸ್ ಹಾಗಲ್ಲ. ಒಂದು ಟನ್ ತೂಗುವ ಕಬ್ಬಿಣವನ್ನು ಮಕ್ಕಳು ನಡೆಯುವ ದಾರಿಯಲ್ಲಿ ಓಡಿಸಲು ನನಗೆ ತಿಳಿದಿದೆ ಎಂಬುದರ ಸಾಕ್ಷಿ ಅದು. ತಿಳಿವಳಿಕೆಯನ್ನು ಇನ್ನೊಬ್ಬರ ಕೈಯಲ್ಲಿ ಮಾಡಿಸಲಿಕ್ಕೆ ಆಗುವುದಿಲ್ಲ.

ಆಗುತ್ತದೆ ಎಂದು ಹೇಳುವವರು ನನಗೂ ಸಿಕ್ಕಿದರು. ವಿಚಾರಿಸಲು ಹೋದ ಒಂದು ಕಡೆ, ಮೇಜಿನ ಹಿಂದೆ ಕೂತವರು ತುಂಬ ಮರ್ಯಾದೆಯಿಂದಲೇ ಮಾತಾಡಿದರು: "ಮೇಡಂ, ಥಿಯರಿ ಬಗ್ಗೆ ನೀವು ತಲೆಕೆಡಿಸಿಕೊಳ್ಳಬೇಡಿ. ಆಧಾರ್ ಕೊಡಿ. ಮೊಬೈಲಿಗೆ ಒಟಿಪಿ ಬಂದಾಗ ಹೇಳಿ. ಉಳಿದದ್ದು ನಾವು ನೋಡಿಕೊಳ್ತೇವೆ." ಈಗ ಲರ್ನರ್ ಪರೀಕ್ಷೆಯನ್ನು ಆಧಾರ್ ಮೂಲಕ ಮನೆಯಲ್ಲೇ ಕಂಪ್ಯೂಟರಿನ ಮುಂದೆ ಬರೆಯುವ ಸೌಲಭ್ಯವಿದೆ. ಅಂಗವಿಕಲರಿಗೆ, ದೂರದ ಹಳ್ಳಿಯವರಿಗೆ, ರಜೆ ಸಿಗದ ಕೂಲಿಯವರಿಗೆ ಅದು ದೊಡ್ಡ ಉಪಕಾರ. ಆ ಉಪಕಾರವನ್ನೇ ಕಳ್ಳದಾರಿ ಮಾಡಿಕೊಂಡು ನಮ್ಮ ಬದಲು ಯಾರೋ ಉತ್ತರ ಒತ್ತುವುದು ನನಗೆ ಸಹಿಸಲಾಗದ ಸಂಗತಿ. ಬೇಡವೆಂದು ಹೇಳಿ ಎದ್ದು ಬಂದೆ. ಮನೆಯ ಅನುಕೂಲವನ್ನೂ ಬಿಟ್ಟು, ನೆಹರೂ ಮೈದಾನದ ಹತ್ತಿರದ ಆರ್‌ಟಿಓ ಕಚೇರಿಗೇ ಹೋಗಿ ಬರೆಯುವುದೆಂದು ಸ್ಲಾಟ್ ತೆಗೆದುಕೊಂಡೆ. ಪರೀಕ್ಷೆ ಎಂದರೆ ತಲೆ ಬಾಚಿ, ಚಪ್ಪಲಿ ಮೆಟ್ಟಿ, ಮನೆಯಿಂದ ಹೊರಟು ಹೋಗಿ ಬರೆಯುವಂಥದ್ದು ಎಂಬ ನಂಬಿಕೆ ನನ್ನದು. ಲರ್ನರ್ ಲೈಸೆನ್ಸಿಗೆ 150 ರೂಪಾಯಿ, ಪರೀಕ್ಷೆಗೆ 50. ನಾನು ಒಂದು ಫಾಲ್ ಹೊಲಿದು ಪಿಕೋ ಮಾಡುವ ಕೂಲಿಗೆ ಹತ್ತಿರದ ಲೆಕ್ಕ.

ಅರ್ಜಿಯ ಜತೆ ಫಾರ್ಮ್ 1 ಎಂಬ ಒಂದು ಹಾಳೆ ಇದೆ. ನಮ್ಮ ದೇಹದ ಬಗ್ಗೆ ನಾವೇ ಸತ್ಯ ಹೇಳಿ ಸಹಿ ಹಾಕುವ ಹಾಳೆ. ನಲವತ್ತು ದಾಟಿದ ನನ್ನಂಥವರು ಅದಲ್ಲದೆ ವೈದ್ಯರಿಂದ 1ಎ ಪತ್ರವನ್ನೂ ತರಬೇಕು. ನಿಮಗೆ ಅಪಸ್ಮಾರ ಇದೆಯೇ, ತಲೆಸುತ್ತಿ ಬೀಳುತ್ತೀರಾ, ಕೆಂಪು ಹಸಿರು ಬಣ್ಣಗಳ ವ್ಯತ್ಯಾಸ ತಿಳಿಯುತ್ತದೆಯೇ, ಇರುಳುಗಣ್ಣು ಇದೆಯೇ ಎಂದೆಲ್ಲ ಫಾರ್ಮ್ ಕೇಳುತ್ತದೆ. ಅದರಲ್ಲಿ ಒಂದು ಪ್ರಶ್ನೆ: ಒಳ್ಳೆಯ ಹಗಲು ಬೆಳಕಿನಲ್ಲಿ, ಕನ್ನಡಕ ಇದ್ದರೆ ಹಾಕಿಕೊಂಡು, 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟನ್ನು ಒಂದೊಂದು ಕಣ್ಣಿನಿಂದಲೂ ಓದಬಲ್ಲಿರಾ?

ಆ ಹಾಳೆಯನ್ನು ನಾನು ಗಟ್ಟಿಯಾಗಿ ಓದುತ್ತಿದ್ದೆ. ಇವರು ಜಗಲಿಯಲ್ಲಿ ಪೇಪರ್ ಹಿಡಿದು ಕೂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಬಂದು, ಹೊಲಿಗೆ ಮಿಶನಿನ ಡ್ರಾಯರಿನಿಂದ ನನ್ನ ಅಳತೆ ಟೇಪನ್ನು ತೆಗೆದುಕೊಂಡು ಹೊರಗೆ ಹೋದರು. ಟೇಪು ಒಂದೂವರೆ ಮೀಟರಿನದು. ನಮ್ಮ ಓಣಿಯಲ್ಲಿ ಪಕ್ಕದ ಮನೆಯ ಕಾರು ನಿಂತಿತ್ತು. ಅದರ ಹಿಂದಿನಿಂದ ಹದಿನಾರು ಸಲ ಟೇಪು ಹಾಸಿ, ಮೇಲೆ ಒಂದು ಮೀಟರ್ ಅಳೆದು, ಹೆಂಚಿನ ಚೂರಿನಿಂದ ನೆಲಕ್ಕೆ ಗೆರೆ ಎಳೆದರು. ಗೆರೆಯ ಮೇಲೆ ನಿಂತು ಒಂದು ಕಣ್ಣು ಮುಚ್ಚಿಕೊಂಡರು, ಆಮೇಲೆ ಇನ್ನೊಂದನ್ನು. ನಾನು ಬಾಗಿಲಲ್ಲೇ ನಿಂತಿದ್ದೆ. "ಕೆಎ 19" ಎಂದರು. ಅದು ಮಂಗಳೂರಿನ ಎಲ್ಲ ಕಾರಿಗೂ ಇರುವುದು, ನೋಡದೆಯೂ ಹೇಳಬಹುದು. ಮುಂದಿನ ನಾಲ್ಕು ಅಂಕೆಗಳಿಗೆ ಕಾದೆ. ಅವರು ಹೇಳಲಿಲ್ಲ. ಟೇಪನ್ನು ಸುರುಳಿ ಸುತ್ತಿ ತಂದು ಡ್ರಾಯರಿಗೆ ಹಾಕಿದರು. ಕಾರಿನ ಬೀಗದ ಕೈಯನ್ನು ತಮ್ಮ ಮೊಳೆಯಿಂದ ತೆಗೆದು ನನ್ನ ಮೊಳೆಗೆ ತೂಗುಹಾಕಿದರು. ಅಂದಿನಿಂದ ಅವರು ಹಗಲಲ್ಲಿಯೂ ಸ್ಟೀರಿಂಗ್ ಮುಟ್ಟಲಿಲ್ಲ. ಯಾವ ಕಚೇರಿಯೂ ಅವರನ್ನು ತಡೆದಿರಲಿಲ್ಲ, ಲೈಸೆನ್ಸಿನ ಅವಧಿ ಇನ್ನೂ ಇತ್ತು. ಮೂವತ್ತು ವರ್ಷ ಕಾರು ಓಡಿಸಿದ ಗಂಡಸು ಒಂದು ಪ್ರಶ್ನೆಗೆ ಸತ್ಯ ಹೇಳಿ ಬೀಗದ ಕೈ ಬಿಟ್ಟುಕೊಟ್ಟರು. ಅಂಥ ಪ್ರಶ್ನೆಪತ್ರಿಕೆಯನ್ನು ಹಗುರವಾಗಿ ಕಾಣುವುದು ನನಗೆ ಆಮೇಲೆ ಸಾಧ್ಯವೇ ಆಗಲಿಲ್ಲ.

ಓದಿಗೆ ಜತೆ ಸಿಕ್ಕಿದ್ದು ಸೊಸೆ, ಅಣ್ಣನ ಮಗಳು. ಅವಳಿಗೆ ಹದಿನೆಂಟು ತುಂಬಿತ್ತು, ಅವಳೂ ಲರ್ನರ್ ಪರೀಕ್ಷೆ ಬರೆಯುವವಳಿದ್ದಳು; ಎಂ.ಜಿ. ರಸ್ತೆಯ ಲಾ ಕಾಲೇಜಿನಲ್ಲಿ ಮೊದಲ ವರ್ಷ. ಕಾಲೇಜು ಬಿಟ್ಟ ಮೇಲೆ ನನ್ನ ಹೊಲಿಗೆ ಕೋಣೆಗೆ ಬಂದು, ಕತ್ತರಿಸುವ ಮೇಜಿನ ಮೇಲೆ ಚಿಹ್ನೆಗಳ ಪಟ ಹರಡುತ್ತಿದ್ದಳು. ನಾನು ಗುಂಡಿ ಹಾಕುತ್ತಾ ಉತ್ತರ ಹೇಳುವುದು. ಕೆಂಪು ಅಂಚಿನ ವೃತ್ತವಿದ್ದರೆ ಅದು ಆಜ್ಞೆ, ಮೀರುವಂತಿಲ್ಲ. ತ್ರಿಕೋನವಿದ್ದರೆ ಎಚ್ಚರಿಕೆ. ನೀಲಿಯ ಚೌಕವಿದ್ದರೆ ಮಾಹಿತಿ. ಇಷ್ಟು ಗೊತ್ತಾದರೆ ಅರ್ಧ ಪಾಠ ಮುಗಿಯಿತು. ರಸ್ತೆಯ ಗೆರೆ ನನಗೆ ಹೊಲಿಗೆಯಿಂದಲೇ ಅರ್ಥವಾಯಿತು: ತುಂಡು ಗೆರೆ ಕಚ್ಚಾ ಹೊಲಿಗೆ ಇದ್ದ ಹಾಗೆ, ಎದುರು ಖಾಲಿ ಇದ್ದರೆ ದಾಟಬಹುದು, ಉದ್ದ ಗೆರೆ ಮಿಶನ್ ಹೊಲಿಗೆ, ಅದನ್ನು ದಾಟುವ ಹಾಗಿಲ್ಲ. ನಿಲ್ಲಿ ಎನ್ನುವ ಚಿಹ್ನೆಗೆ ಮಾತ್ರ ಎಂಟು ಮೂಲೆ, ದಾರಿ ಬಿಡಿ ಎನ್ನುವುದಕ್ಕೆ ಮಾತ್ರ ತಲೆಕೆಳಗಾದ ತ್ರಿಕೋನ. ಆ ಎರಡಕ್ಕೆ ಬೇರೆ ಯಾವ ಚಿಹ್ನೆಗೂ ಇಲ್ಲದ ಆಕಾರ ಯಾಕೆಂದರೆ, ಕೆಸರು ಮೆತ್ತಿಕೊಂಡಿದ್ದರೂ ಹಿಂದಿನಿಂದ ನೋಡಿದರೂ ಗುರುತು ತಪ್ಪಬಾರದು. ಇಷ್ಟು ಯೋಚಿಸಿ ಕತ್ತರಿಸಿದವರ ಮೇಲೆ ನನಗೆ ಗೌರವ ಬಂತು.

ಪಟದಲ್ಲಿ ನೋಡಿದ್ದನ್ನು ರಸ್ತೆಯಲ್ಲಿ ಹುಡುಕಲು ಬೆಳಿಗ್ಗೆ ಆರೂವರೆಗೆ ಇಬ್ಬರೂ ಹೊರಡುತ್ತಿದ್ದೆವು. ಜೈಲಿನ ಎತ್ತರದ ಗೋಡೆಯ ಪಕ್ಕದಿಂದ ಹಿಡಿದು ಪಿವಿಎಸ್ ಸರ್ಕಲ್, ಅಲ್ಲಿಂದ ಎಂ.ಜಿ. ರಸ್ತೆಯಲ್ಲಿ ಬೆಸೆಂಟ್ ಕಾಲೇಜು, ಟಿ.ಎಂ.ಎ. ಪೈ ಸಭಾಂಗಣ ದಾಟಿ ಲಾಲ್‌ಬಾಗ್ ತನಕ. ತಿರುಗಿ ಬರುವಾಗ ನವಭಾರತ ಸರ್ಕಲ್ ಸುತ್ತಿ. ಶಾಲೆಯ ಮುಂದಿನ ಮಕ್ಕಳ ತ್ರಿಕೋನ, ಆಸ್ಪತ್ರೆಯ ಬಳಿಯ ಹಾರ್ನ್ ನಿಷೇಧ, ಮಾಸಿದ ಜೀಬ್ರಾ ಪಟ್ಟಿ. ಒಂದು ಚಿಹ್ನೆಯನ್ನು ಬಾದಾಮಿ ಮರದ ಕೊಂಬೆ ಮುಚ್ಚಿತ್ತು. ಇನ್ನೊಂದರ ಕಂಬಕ್ಕೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿದ್ದರು. ಆ ಹೊತ್ತಿಗೆ ಸಿಟಿ ಬಸ್ಸುಗಳು ಶುರುವಾಗಿ, ಕಂಡಕ್ಟರುಗಳು ಬಾಗಿಲಲ್ಲಿ ನೇತಾಡುತ್ತ "ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್" ಎಂದು ಕೂಗುತ್ತಿರುತ್ತಾರೆ. ಇಷ್ಟು ವರ್ಷ ನಾನು ಆ ಬಸ್ಸಿನೊಳಗಿದ್ದು "ದುಂಬು ಪೋಲೆ" (ಮುಂದೆ ಹೋಗಿ) ಎಂದು ಗದರಿಸಿಕೊಂಡವಳು. ಅದು ನಿಲ್ದಾಣ ಬಿಟ್ಟು ರಸ್ತೆಯ ನಡುವೆ ನಿಂತಾಗ ಹಿಂದಿನವರಿಗೆ ಏನಾಗುತ್ತದೆ ಎಂಬುದನ್ನು ಮೊದಲ ಸಲ ನಿಂತು ನೋಡಿದೆ.

ನಡೆಯುತ್ತ ನಡೆಯುತ್ತ ಇನ್ನೊಂದು ಕಂಡುಕೊಂಡೆ. ನಮ್ಮ ಊರಿನ ಏರಿಳಿತವನ್ನು ಹಿಂದಿನವರು ಹೆಸರಿನಲ್ಲೇ ಬರೆದಿಟ್ಟಿದ್ದಾರೆ. ಕೊಡಿಯಾಲ್ ಎಂದರೆ ಕೊಂಕಣಿಯಲ್ಲಿ ಮಂಗಳೂರು. ಬೈಲ್ ಎಂದರೆ ಗದ್ದೆಯ ತಗ್ಗು. ಬೈಲ್ ಎಂದಿದ್ದಲ್ಲಿಗೆ ಎಲ್ಲ ಕಡೆಯಿಂದ ಇಳಿದೇ ಬರಬೇಕು, ಮಳೆಗಾಲದಲ್ಲಿ ನೀರೂ ಹಾಗೇ ಬರುತ್ತದೆ. ಪದವು ಎಂದಿದ್ದರೆ ಮೇಲಿನ ಬಯಲು, ಗುಡ್ಡೆ ಎಂದಿದ್ದರೆ ಏರು. ಇಲ್ಲಿ ಕಾರು ಕಲಿಯುವವರಿಗೆ ಸಮತಟ್ಟು ಎಂಬುದು ಸಿಗುವುದು ಕಡಿಮೆ. ಅಲೋಶಿಯಸ್ ಕಾಲೇಜಿನ ಗುಡ್ಡ ಹತ್ತಬೇಕು, ಇಲ್ಲವೇ ಅಲ್ಲಿಂದ ಇಳಿಯಬೇಕು.

ಏರು-ಇಳುಕಿನ ಪ್ರಶ್ನೆಯೇ ಪುಸ್ತಕದಲ್ಲೂ ಬಂತು. ಕಡಿದಾದ ಕಿರಿದಾರಿಯಲ್ಲಿ ಎರಡು ವಾಹನ ಎದುರಾದರೆ ಯಾರು ಯಾರಿಗೆ ದಾರಿ ಬಿಡಬೇಕು? ಸೊಸೆ ಪುಟ ತಿರುವುವ ಮೊದಲೇ ನಾನು ಉತ್ತರ ಹೇಳಿದೆ: ಇಳಿಯುವವನು ನಿಲ್ಲಬೇಕು. ಅವಳಿಗೆ ಆಶ್ಚರ್ಯ. ಅದು ನನ್ನ ಅಪ್ಪನ ಮಾತು. ಅಪ್ಪ ಮಂಗಳೂರು ಹೆಂಚು ತುಂಬಿದ ಲಾರಿಯನ್ನು ಚಾರ್ಮಾಡಿ ಘಾಟಿಯಲ್ಲಿ ಹತ್ತಿಸಿ ಕೊಟ್ಟಿಗೆಹಾರದ ಮೂಲಕ ಚಿಕ್ಕಮಗಳೂರಿಗೆ ಸಾಗಿಸುತ್ತಿದ್ದವರು. 1865ರಲ್ಲಿ ಬಾಸೆಲ್ ಮಿಶನ್ ಜೆಪ್ಪುವಿನಲ್ಲಿ ಮೊದಲ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ಈ ಊರಿನ ಎಷ್ಟೋ ಮನೆಗಳ ಅನ್ನ ಹೆಂಚಿನಿಂದ ಬಂದಿದೆ. ನಮ್ಮದೂ ಅದರಲ್ಲಿ ಒಂದು. "ಇಳಿಯುವವನಿಗೆ ಬ್ರೇಕ್ ಉಂಟು, ಹತ್ತುವವನಿಗೆ ಹೇರು ಉಂಟು" ಎಂದು ಅಪ್ಪ ಹೇಳುತ್ತಿದ್ದರು. ಹೇರು ತುಂಬಿದ ಲಾರಿ ತಿರುವಿನಲ್ಲಿ ಒಮ್ಮೆ ನಿಂತರೆ ಮತ್ತೆ ಎಳೆಯುವುದು ಕಷ್ಟ, ಹಿಂದಕ್ಕೆ ಜಾರಿದರೆ ಹಿಂದಿದ್ದವರೆಲ್ಲ ಹೋದರು. ಅಪ್ಪ ಕಾಯ್ದೆ ಓದಿದವರಲ್ಲ. ಘಾಟಿಯಲ್ಲಿ ಕಲಿತದ್ದೂ ನಿಯಮದಲ್ಲಿ ಬರೆದದ್ದೂ ಒಂದೇ ಎಂದು ಗೊತ್ತಾದಾಗ, ತೀರಿಕೊಂಡು ಹನ್ನೊಂದು ವರ್ಷವಾದ ಅವರು ಆ ಮೇಜಿನ ಹತ್ತಿರ ಬಂದು ನಿಂತ ಹಾಗಾಯಿತು.

ಲರ್ನರ್ ಪರೀಕ್ಷೆಯಲ್ಲಿ ಏನು ಕೇಳಬೇಕೆಂಬುದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 11ನೇ ನಿಯಮದಲ್ಲಿದೆ. ಸೊಸೆ ಅದನ್ನು ತನ್ನ ಕಾಲೇಜಿನ ಪುಸ್ತಕದಿಂದ ಓದಿ ಹೇಳಿದಳು. ಚಿಹ್ನೆಗಳು ಮತ್ತು ರಸ್ತೆಯ ನಿಯಮಗಳು, ಅಪಘಾತವಾದಾಗ ಚಾಲಕನ ಕರ್ತವ್ಯ, ಕಾವಲಿಲ್ಲದ ರೈಲ್ವೆ ಗೇಟು ದಾಟುವಾಗಿನ ಎಚ್ಚರ, ಜತೆಗಿರಬೇಕಾದ ದಾಖಲೆಗಳು. ಕೊನೆಯದು ಬಿಡಿ, ಪೊಲೀಸರಿಗೆ ಹೆದರಿಯಾದರೂ ಎಲ್ಲರೂ ಕಲಿಯುತ್ತಾರೆ. ರೈಲ್ವೆ ಗೇಟಿನ ಮಾತು ನನ್ನನ್ನು ಹಿಡಿದು ನಿಲ್ಲಿಸಿತು.

ಬ್ರಾಡ್‌ಗೇಜ್ ಹಳಿಗಳ ಮೇಲಿದ್ದ ಕಾವಲಿಲ್ಲದ ಗೇಟುಗಳನ್ನೆಲ್ಲ ರೈಲ್ವೆ ಇಲಾಖೆ 2019ರ ಜನವರಿಯ ಹೊತ್ತಿಗೆ ತೆಗೆದುಹಾಕಿದೆ. ನಮಗೆ ಈಗ ಗೊತ್ತಿರುವುದು ಪಾಂಡೇಶ್ವರದಂಥ ಕಾವಲಿರುವ ಗೇಟು. ಅದು ಬಿದ್ದರೆ ನಿಲ್ಲುವುದು, ಎದ್ದರೆ ಹೋಗುವುದು. ಆದರೂ ಮೋಟಾರು ವಾಹನ ಕಾಯ್ದೆಯ 131ನೇ ಕಲಮನ್ನು ಒಮ್ಮೆ ಓದಬೇಕು. ಗೇಟಿಲ್ಲದಲ್ಲಿ ಚಾಲಕ ಗಾಡಿ ನಿಲ್ಲಿಸಬೇಕು. ಕಂಡಕ್ಟರೋ ಕ್ಲೀನರೋ ಇಳಿದು ಹಳಿಯ ತನಕ ನಡೆದು, ಎರಡೂ ಕಡೆ ರೈಲು ಬರುತ್ತಿಲ್ಲವೆಂದು ನೋಡಿ, ಮುಂದೆ ನಿಂತು ಗಾಡಿಯನ್ನು ದಾಟಿಸಬೇಕು. ಯಾರೂ ಇಲ್ಲದಿದ್ದರೆ ಚಾಲಕನೇ ಇಳಿದು ಹೋಗಿ ನೋಡಬೇಕು. ಕ್ಲೀನರ್ ಎಂಬ ಶಬ್ದ ದೇಶದ ಕಾಯ್ದೆಯಲ್ಲಿದೆ! ಅಪ್ಪ ಲಾರಿಯ ಬದುಕು ಶುರು ಮಾಡಿದ್ದು ಹದಿನೈದನೇ ವಯಸ್ಸಿಗೆ, ಕ್ಲೀನರ್ ಆಗಿ. ಹಳಿ ಬಂದಾಗ ಹಾರಿ ಇಳಿದು, ಓಡಿ ಹೋಗಿ, ಹೆಗಲ ಬೈರಾಸು ಬೀಸಿ ಲಾರಿಯನ್ನು ಕರೆಯುತ್ತಿದ್ದುದನ್ನು ಅವರು ಊಟಕ್ಕೆ ಕೂತಾಗ ಅಭಿನಯಿಸಿ ತೋರಿಸುತ್ತಿದ್ದರು. ಮನೆಯಲ್ಲಿ ಅದು ಬರೀ ಕಥೆಯಾಗಿತ್ತು. ಆ ಹುಡುಗ ಬೀಸಿದ ಬೈರಾಸಿನ ಮೇಲೆ ಒಂದು ಲಾರಿಯ ಜೀವ ನಿಂತಿತ್ತೆಂದು ನನಗೆ ತಿಳಿದದ್ದು ಈ ಪರೀಕ್ಷೆಗೆ ಕೂತ ಮೇಲೆ.

ಗೇಟು ಹೋದರೂ ಆ ಕಲಮು ಕಲಿಸುವುದು ಹೋಗಿಲ್ಲ. ಕಾಣದಿದ್ದರೆ ನಿಲ್ಲು, ಇಳಿ, ನಡೆದು ಹೋಗಿ ನೋಡು. ನಮ್ಮ ಓಣಿಯಿಂದ ಕಾರನ್ನು ಹಿಂದಕ್ಕೆ ತೆಗೆಯುವಾಗ ಮಗು ಆಡುತ್ತಿದೆಯೋ ಎಂದು ಇಳಿದು ನೋಡುವವರು ಎಷ್ಟು ಮಂದಿ?

ಅಪಘಾತದ ಕರ್ತವ್ಯವನ್ನು ಹೇಳುವುದು 134ನೇ ಕಲಮು. ಗಾಯಗೊಂಡವರನ್ನು ಹತ್ತಿರದ ವೈದ್ಯರಲ್ಲಿಗೋ ಆಸ್ಪತ್ರೆಗೋ ಸೇರಿಸಲು ಚಾಲಕ ಆದದ್ದನ್ನೆಲ್ಲ ಮಾಡಬೇಕು. ಜನ ಸಿಟ್ಟಿಗೆದ್ದು ಹೊಡೆಯಲು ಬಂದೋ, ಕೈಮೀರಿದ ಬೇರೆ ಕಾರಣದಿಂದಲೋ ಅದು ಸಾಧ್ಯವಿಲ್ಲದಿದ್ದರೆ ಮಾತ್ರ ವಿನಾಯಿತಿ. ಆಗಲೂ ಬೇಗನೆ, ಹೆಚ್ಚೆಂದರೆ 24 ಗಂಟೆಯೊಳಗೆ, ಪೊಲೀಸ್ ಠಾಣೆಗೆ ಹೋಗಿ ತಿಳಿಸಬೇಕು. ವೈದ್ಯರು ಕಾಗದಪತ್ರಕ್ಕೆ ಕಾಯದೆ ಕೂಡಲೇ ಚಿಕಿತ್ಸೆ ಶುರು ಮಾಡಬೇಕು. "ಗುದ್ದಿದವನು ಓಡಿಹೋದ" ಎಂಬ ವಾಕ್ಯವನ್ನು ನಾವು ಪೇಪರಿನಲ್ಲಿ ವಾರಕ್ಕೊಮ್ಮೆಯಾದರೂ ಓದುತ್ತೇವೆ. ಓಡಿಹೋದವನು ಈ ಪ್ರಶ್ನೆಗೆ ಎಂದಾದರೂ ತಾನೇ ಉತ್ತರ ಬರೆದಿದ್ದನೇ ಎಂದು ಈಗ ಪ್ರತಿಸಲ ಅನ್ನಿಸುತ್ತದೆ.

ಸೊಸೆ ಆ ದಿನ ಇನ್ನೊಂದು ವಿಷಯ ಹೇಳಿದಳು. 2016ರ ಫೆಬ್ರವರಿಯಲ್ಲಿ ಬೆಂಗಳೂರಿನ ಹತ್ತಿರ ತುಮಕೂರು ರಸ್ತೆಯಲ್ಲಿ ಲಾರಿಯಡಿಗೆ ಬಿದ್ದು ದೇಹ ಎರಡು ತುಂಡಾದ ಹರೀಶ್ ಎಂಬ ತರುಣ, ಉಸಿರಿದ್ದಷ್ಟು ಹೊತ್ತಿನಲ್ಲಿ ತನ್ನ ಅಂಗಗಳನ್ನು ದಾನ ಮಾಡಿ ಎಂದು ಕೇಳಿಕೊಂಡ. ಅವನ ಕಣ್ಣುಗಳು ದಾನವಾದವು. ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆಯ ತುರ್ತು ಚಿಕಿತ್ಸೆಗೆ 25,000 ರೂಪಾಯಿ ತನಕ ಕೊಡುವ ರಾಜ್ಯದ ಸಾಂತ್ವನ ಯೋಜನೆಗೆ ಆ ವರ್ಷ ಅವನ ಹೆಸರನ್ನೇ ಇಟ್ಟರು. ಗಾಯಾಳುವಿಗೆ ನೆರವಾದವರಿಗೆ ಪೊಲೀಸ್, ಕೋರ್ಟಿನ ಕಾಟ ಇರಬಾರದೆಂದು ಕರ್ನಾಟಕ ತನ್ನದೇ ಕಾನೂನು ಮಾಡಿತು. ಅದಕ್ಕೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. 2019ರಲ್ಲಿ ಕೇಂದ್ರದ ಕಾಯ್ದೆಗೂ 134ಎ ಎಂದು ಅದೇ ಅರ್ಥದ ಕಲಮು ಸೇರಿತು. ನಾನು ಹಿಡಿದಿದ್ದ ಸೂಜಿ ಕೆಳಗಿಟ್ಟೆ. ಜ್ಯೋತಿ ಸರ್ಕಲಿನ ಹತ್ತಿರ ಸ್ಕೂಟರಿನಿಂದ ಬಿದ್ದ ಹೆಂಗಸೊಬ್ಬಳನ್ನು ಹಿಂದೊಮ್ಮೆ ನಮ್ಮ ಕಾರಿನಲ್ಲಿ ಕೂರಿಸಿಕೊಳ್ಳೋಣವೆಂದು ನಾನೆಂದಾಗ, "ಆಮೇಲೆ ಸಾಕ್ಷಿಗೆ ಅಲೆಯಬೇಕಾಗ್ತದೆ" ಎಂದು ಸುತ್ತ ನಿಂತವರು ತಡೆದಿದ್ದರು. ಆಕೆ ಆಟೊದಲ್ಲಿ ಹೋದಳು. ಅಲೆಯಬೇಕಿಲ್ಲ ಎಂಬುದು ನಮಗೆ ಯಾರಿಗಾದರೂ ಗೊತ್ತಿದ್ದರೆ ಹತ್ತು ನಿಮಿಷ ಉಳಿಯುತ್ತಿತ್ತು.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಕೇಂದ್ರ ಸಾರಿಗೆ ಸಚಿವಾಲಯವೇ ಕೊಟ್ಟ ಲೆಕ್ಕ. ಹೀಗಿರುವಾಗ ಲರ್ನರ್ ಪರೀಕ್ಷೆ ಪಾಸಾಗಲು ನೂರಕ್ಕೆ ಅರುವತ್ತು ಸಾಕು ಎಂಬುದನ್ನು ನಾನು ಒಪ್ಪಲಾರೆ. ಹತ್ತರಲ್ಲಿ ನಾಲ್ಕು ಅಳತೆ ತಪ್ಪಿದ ರವಿಕೆಯನ್ನು ಯಾವ ಗಿರಾಕಿಯೂ ಒಯ್ಯುವುದಿಲ್ಲ. ಬ್ರಿಟನ್ನಿನಲ್ಲಿ ಚಾಲನಾ ಪರೀಕ್ಷೆ 1935ರಲ್ಲೇ ಕಡ್ಡಾಯವಾಯಿತು, ಥಿಯರಿಗೆ ಪ್ರತ್ಯೇಕ ಪರೀಕ್ಷೆ ಬಂದದ್ದು 1996ರಲ್ಲಿ. ಕಾರಿನವರು ಅಲ್ಲಿ 50ಕ್ಕೆ 43 ತೆಗೆಯಬೇಕು. ನಮ್ಮಲ್ಲೂ ಅಷ್ಟು ಇಡಬೇಕು. ಆಂಬುಲೆನ್ಸಿಗೆ ದಾರಿ ಬಿಡುವುದು, ಅಪಘಾತದಲ್ಲಿ ನಿಲ್ಲುವುದು, ಜೀಬ್ರಾ ಪಟ್ಟಿಯಲ್ಲಿ ನಡೆಯುವವರಿಗೆ ಕಾಯುವುದು, ಈ ಮೂರರಲ್ಲಿ ಒಂದು ತಪ್ಪಿದರೂ ಮತ್ತೆ ಬರೆಯಲು ಹೇಳಬೇಕು ಎನ್ನುವವಳು ನಾನು. ದಾರಿ ಬಿಡುವುದು ನಮಗೆ ಬಾರದ್ದೇನೂ ಅಲ್ಲ. 2020ರ ಫೆಬ್ರವರಿ 6ರಂದು ನಲವತ್ತು ದಿನದ ಕೂಸೊಂದನ್ನು ಹೃದಯದ ಚಿಕಿತ್ಸೆಗೆಂದು ಮಂಗಳೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಒಯ್ದಾಗ, ದಾರಿಯುದ್ದಕ್ಕೂ ಜನ ತಾವಾಗಿ ನಿಂತು ರಸ್ತೆ ತೆರವು ಮಾಡಿಕೊಟ್ಟರು. ಸುಮಾರು ನಾಲ್ಕೂವರೆ ಗಂಟೆಯಲ್ಲಿ ಗಾಡಿ ತಲುಪಿತು. ಆ ದಿನ ಮಾಡಿದ್ದನ್ನೇ ಎಲ್ಲ ದಿನವೂ ಮಾಡಿ ಎಂದಷ್ಟೇ ಆ ತಲೆಕೆಳಗಾದ ತ್ರಿಕೋನ ಕೇಳುತ್ತಿರುವುದು.

ಪರೀಕ್ಷೆಯ ದಿನ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಸೊಸೆಯೊಂದಿಗೆ ಸ್ಟೇಟ್‌ಬ್ಯಾಂಕ್ ಬಸ್ಸು ಹತ್ತಿದೆ. ಮೈದಾನದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಕಚೇರಿಯಲ್ಲಿ ನನ್ನ ವಯಸ್ಸಿನವರು ಇನ್ನೊಬ್ಬರು ಮಾತ್ರ ಇದ್ದರು, ಒಬ್ಬ ಗಂಡಸು, ಸೊಂಟಕ್ಕೆ ಸುತ್ತಿದ ಪಂಚೆ, ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಕಾಗದಗಳು. ತುಟಿ ಅಲ್ಲಾಡಿಸುತ್ತ ಚಿಹ್ನೆಗಳನ್ನು ಪಾಠ ಹೇಳಿಕೊಳ್ಳುತ್ತಿದ್ದರು. ನನಗೆ ಅವರಲ್ಲಿ ಮಾತಾಡಬೇಕೆನಿಸಿತು, ಆದರೆ ಅವರ ಪಾಠ ಮುರಿಯಬಾರದೆಂದು ಸುಮ್ಮನೆ ಕೂತೆ.

ಪ್ರಶ್ನೆಗಳು ಕನ್ನಡದಲ್ಲೇ ಬಂದವು. ಕಿರಿದಾದ ಸೇತುವೆಯ ಚಿಹ್ನೆ ಬಂತು. ಜೀಬ್ರಾ ಪಟ್ಟಿಯಲ್ಲಿ ಜನ ಕಾಯುತ್ತಿದ್ದರೆ ಏನು ಮಾಡಬೇಕು ಎಂಬುದು ಬಂತು. ಏರುದಾರಿಯ ಪ್ರಶ್ನೆ ಬಂದಾಗ ಕೈ ಒಂದು ಕ್ಷಣ ನಿಂತಿತು; ಉತ್ತರ ಗೊತ್ತಿಲ್ಲದೆ ಅಲ್ಲ. ತಪ್ಪಿದ್ದು ಒಂದು: ನೀಲಿ ವೃತ್ತದ ಮೇಲೆ ಕೆಂಪು ಗೀಟು ಒಂದಿದ್ದರೆ ವಾಹನ ನಿಲುಗಡೆ ಇಲ್ಲ, ಎರಡು ಗೀಟು ಅಡ್ಡಡ್ಡ ಇದ್ದರೆ ಕ್ಷಣ ಮಾತ್ರಕ್ಕೂ ನಿಲ್ಲಿಸುವ ಹಾಗಿಲ್ಲ. ಎರಡನ್ನು ಒಂದೆಂದು ತಿಳಿದೆ. ಹೊರಗೆ ಬಂದ ಕೂಡಲೇ ಸೊಸೆಯ ಪಟ ತೆಗೆಸಿ ಅದನ್ನು ಮತ್ತೊಮ್ಮೆ ನೋಡಿದೆ. ಇಬ್ಬರೂ ಪಾಸು. ಪಂಚೆ ಉಟ್ಟವರೂ ನಗುತ್ತ ಹೊರಗೆ ಬಂದರು.

ಲರ್ನರ್ ಲೈಸೆನ್ಸಿಗೆ ಆರು ತಿಂಗಳ ಆಯುಷ್ಯ. ಮೂವತ್ತು ದಿನ ಕಳೆದ ಮೇಲೆ ಪಕ್ಕಾ ಲೈಸೆನ್ಸಿನ ಪರೀಕ್ಷೆಗೆ ಹೋಗಬಹುದು. ಅಲ್ಲಿಯ ತನಕ ಲೈಸೆನ್ಸ್ ಇರುವವರೊಬ್ಬರು, ಬೇಕೆಂದಾಗ ಗಾಡಿ ನಿಲ್ಲಿಸಲು ಆಗುವ ಹಾಗೆ, ಪಕ್ಕದಲ್ಲಿ ಕೂತಿರಬೇಕು. ನನಗೆ ಅಣ್ಣ ಕೂರುತ್ತಾನೆ; ಅಪ್ಪನ ಲಾರಿಯನ್ನು ಆಮೇಲೆ ಓಡಿಸಿದವನು ಅವನೇ. ಕಾರಿನ ಹಿಂದೆ ಮುಂದೆ ಎಲ್ ಬೋರ್ಡು ಇರಬೇಕು. ಅಂಗಡಿಯಲ್ಲಿ ಅಂಟಿಸುವ ಕಾಗದ ಸಿಗುತ್ತದೆ, ಆದರೆ ನಿಯಮದಲ್ಲಿ ಅಳತೆ ಇದ್ದದ್ದನ್ನು ನೋಡಿದ ಮೇಲೆ ನಾನೇ ಮಾಡಿದೆ. ಬಿಳಿ ರೆಕ್ಸಿನ್ 18 ಸೆಂಟಿಮೀಟರ್ ಚೌಕ. ಕೆಂಪು ಅಕ್ಷರದ ಎತ್ತರ 10 ಸೆಂಟಿಮೀಟರ್, ದಪ್ಪ 2, ಬುಡದ ಅಗಲ 9. ಎರಡು ತುಂಡು ಕತ್ತರಿಸಿ, ಅಂಚು ಮಡಿಸಿ, ಮಿಶನಿನಲ್ಲಿ ಹೊಲಿದೆ. ಇವರು ಕೂತು ಬಣ್ಣ ಹಾಕಿದರು, ಮೂಗಿನ ಹತ್ತಿರ ಹಿಡಿದುಕೊಂಡು, ಒಂದು ಹನಿಯೂ ಗೆರೆಯಿಂದಾಚೆ ಹೋಗದ ಹಾಗೆ.

ಈಗ ದಿನಾ ಬೆಳಿಗ್ಗೆ ಆರೂವರೆಯಿಂದ ಏಳೂಕಾಲರ ತನಕ ನಾವು ಜೈಲು ರಸ್ತೆ, ಎಂ.ಜಿ. ರಸ್ತೆ, ಲಾಲ್‌ಬಾಗ್ ಕಡೆ ಇರುತ್ತೇವೆ. ಬಲಗಡೆ ಸೀಟಿನಲ್ಲಿ ನಾನು, ಪಕ್ಕದಲ್ಲಿ ಅಣ್ಣ, ಹಿಂದೆ ಇವರು. ಏರಿನಲ್ಲಿ ಕಾರು ಒಮ್ಮೊಮ್ಮೆ ನಿಂತುಬಿಡುತ್ತದೆ, ಮತ್ತೆ ಹೊರಡಿಸಲು ನನಗೆ ಅರ್ಧ ನಿಮಿಷ ಬೇಕು. ನೀವು ಹಿಂದೆ ಇದ್ದರೆ ದಯವಿಟ್ಟು ಹಾರ್ನ್ ಹೊಡೆಯಬೇಡಿ. ಒಂದು ಕಾರಿನಷ್ಟು ಜಾಗ ಬಿಟ್ಟು ನಿಲ್ಲಿ.